‘ಬ್ಯಾಡ’ ಕಿವಿಗೆ ಬೀಳುವ ಮೊದಲು

ಸಂಗಪ್ಪ ಮಲಾಡಿನ ನಮ್ಮ ಚಾಳಿನಲ್ಲಿ ನನ್ನ ಪಕ್ಕದ ಖೋಲಿಯವನು. ವಿಜಯಪುರದ ಕಡೆಯವನು, ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಅವನ ಜೋಡಿ ಇಮಾಮಸಾಬ, ಅದೇ ಊರಿನವನು. ಸಂಗಪ್ಪ ಮೇಲೆ ಸ್ವಿಚ್ಚಿನ ಹತ್ತಿರ, ಇಮಾಮಸಾಬ ಕೆಳಗೆ ಲಿಫ್ಟಿನ ನೆತ್ತಿಯ ಮೇಲೆ. ಮೇಲಿನವನು “ಹಾಕ್ಲೇನು?” ಎಂದು ಕೂಗಬೇಕು, ಕೆಳಗಿನವನು “ಹಾಕು” ಎಂದ ಮೇಲೆಯೇ ಕರೆಂಟು. ಬೇರೆ ಮಿಸ್ತ್ರಿಗಳು ಹಿಂದಿಯಲ್ಲಿ ಕೂಗುತ್ತಾರೆ. ಇವರಿಬ್ಬರದು ಮಾತ್ರ ಕನ್ನಡ.

ಹೋದ ವರ್ಷ ಮುಲುಂಡಿನ ಒಂದು ಬಿಲ್ಡಿಂಗಿನಲ್ಲಿ ಇಮಾಮಸಾಬ ಕೆಳಗಿನಿಂದ “ಹಾಕಬ್ಯಾಡ” ಅಂದ. ಹಿಂದಿಯಲ್ಲಿ ಬೇಡ ಎನ್ನುವ ‘ಮತ್’ ಮಾತಿನ ಮೊದಲಿಗೇ ಬಂದು ಕೈ ತಡೆಯುತ್ತದೆ. ನಮ್ಮ ‘ಬ್ಯಾಡ’ ಬರುವುದು ಕೊನೆಗೆ. ಸಂಗಪ್ಪ ‘ಹಾಕ’ ಎಂಬ ಅರ್ಧ ಮಾತಿಗೇ ಸ್ವಿಚ್ ಹಾಕಿಬಿಟ್ಟ. ಉಳಿದರ್ಧ ಕಿವಿಗೆ ಬೀಳುವಷ್ಟರಲ್ಲಿ ಲಿಫ್ಟ್ ಮೇಲೆದ್ದಿತ್ತು. ಲಿಫ್ಟಿಗೂ ಮೇಲಿನ ತೊಲೆಗೂ ನಡುವೆ ಸಿಕ್ಕಿ ಇಮಾಮಸಾಬ ಅಲ್ಲೇ ಸತ್ತ.

ಹಾಕಿದವನು ನಾನೇ ಎಂದು ಸಂಗಪ್ಪ ಕಂಡಕಂಡವರಿಗೆ ಹೇಳಿದ. ಎಲ್ಲರದೂ ಒಂದೇ ಉತ್ತರ: ದೇವರು ಕರಕೊಂಡ, ನೀ ನಿಮಿತ್ತ ಅಷ್ಟೇ. ನನಗೆ ದೇವರ ಮೇಲೆ ಸಿಟ್ಟಿಲ್ಲ; ಅವನನ್ನು ಮುಂದೆ ದೂಡಿ ಕೈತೊಳೆದುಕೊಳ್ಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

“ಮಾಡಿಸಿದಂವಾ ಆ ದೇವರ ಅಂತ ಇಟ್ಕೋರಿ,” ಎಂದ ಸಂಗಪ್ಪ ನನಗೊಮ್ಮೆ. “ಮಾತು ಮುಗಿಯೂತನಕ ತಡೀಲಾರದ ಕೈ ಯಾರದ್ರೀ? ಒಬ್ಬರರೆ ನನಗ ಬೈಬೇಕ್ರಿ.”

ಇಮಾಮಸಾಬನ ಹೆಂಡತಿ ಬೀಬೀಜಾನ ಬೈದರೆ ಎದೆ ಹಗುರಾಗುತ್ತದೆಂದು ಅವನ ಆಸೆ. ಒಬ್ಬನೇ ಹೋಗಲು ಧೈರ್ಯ ಸಾಲದೆ ಒಂದು ಭಾನುವಾರ ನನ್ನನ್ನೂ ಅವಳ ಮನೆಗೆ ಕರೆದೊಯ್ದ.

ಬೀಬೀಜಾನ ಚಹಾ ತಂದಿಟ್ಟಳು. ಸಂಗಪ್ಪ ಕಪ್ಪು ಮುಟ್ಟಲಿಲ್ಲ.

“ಭಾಬಿ, ಅದು ಅಲ್ಲಾ ಮಾಡಿದ್ದಲ್ಲ. ಅಂವಾ ಬ್ಯಾಡ ಅಂದಿದ್ದ. ನಾ ಹಾಕಿದೆ.”

ಆಕೆಗೆ ಆಶ್ಚರ್ಯವಾಗಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

“ಗೊತ್ತೈತಿ ಸಂಗಪ್ಪ. ಆ ಬಿಲ್ಡಿಂಗಿನ ವಾಚ್‌ಮನ್ ಆವತ್ತ ಹೇಳ್ಯಾನ,” ಎಂದಳು. “ಅಲ್ಲಾ ಮಾಡಿಸ್ಯಾನ ಅಂತ ದಿನಾ ಐದು ಹೊತ್ತು ನನಗ ನಾನ ಹೇಳ್ಕೋತೀನಿ. ಅದಕ್ಕ ನಿನ್ನ ಒಳಗ ಕರದು ಚಾ ಕೊಟ್ಟೀನಿ. ನೀನ ಮಾಡೀದಿ ಅಂತ ನನ್ನ ಬಾಯಿಲೆ ಒಮ್ಮೆ ಬಂತಂದ್ರ, ನಿನ್ನ ಮಾರಿ ನೋಡೂದು ಆಗಾಂಗಿಲ್ಲ ನನಗ. ನಮಾಜಿಗೆ ಕೂಡೂದೂ ಆಗಾಂಗಿಲ್ಲ.”

ಬೈಸಿಕೊಳ್ಳಲು ಬಂದವನು ತಲೆ ತಗ್ಗಿಸಿ ಕೂತ. ಅವನಿಗೆ ಇನ್ನು ಬೈಯುವವರು ಯಾರೂ ಉಳಿಯಲಿಲ್ಲ ಎಂದು ನನಗೆ ಅಳು ಬಂತು.

“ಕುಡಿ, ಆರಾಕತ್ತೈತಿ,” ಎಂದಳು ಬೀಬೀಜಾನ.

ಅವನು ಕುಡಿದ.