ವೈನಿ ಹುರಿ ಹಾಕಿದ ಹೆದೆ

ವೈನಿಯ ಬಲಗೈಯ ಮೂರು ಬೆರಳುಗಳ ತುದಿಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಮೂಗಿನ ಹತ್ತಿರ ತಂದರೆ ಮೇಣದ ವಾಸನೆ. ಅಣ್ಣನ ಜೊತೆ ಮದುವೆಯಾಗುವಾಗ ಆ ತುದಿಗಳಲ್ಲಿ ಮೆಹಂದಿ ಕಪ್ಪಾಗಿ ಏರಿತ್ತು. “ಗಂಡನ ಪ್ರೀತಿ ಭಾಳ ಅದ,” ಎಂದು ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ನನ್ನ ಬೆರಳುಗಳೂ ಹಾಗೇ ಕಪ್ಪಾಗಿದ್ದವು. ಯಾರೂ ಕೇಳಲಿಲ್ಲ.

ಅಲ್ಲಿಯವರೆಗೆ ಸೋಲಾಪುರದ ವಿಜಾಪುರ ರಸ್ತೆಯ ನಮ್ಮ ಮನೆಯಲ್ಲಿ ಬಿಲ್ಲು ಹಿಡಿಯುವವಳು ನಾನೊಬ್ಬಳೇ. ನನ್ನ ಪದಕಗಳನ್ನು ಅವ್ವ ದೇವರ ಜಗಲಿಯ ಪಕ್ಕದ ಮೊಳೆಗೆ ತೂಗುಹಾಕಿದ್ದಳು. ಅಣ್ಣ ನನ್ನ ಪಂದ್ಯ ನೋಡಲೆಂದು ಬಂದು, ಪಕ್ಕದ ಗುರಿಗೆ ಬಾಣ ಬಿಡುತ್ತಿದ್ದ ಮೈಂದರ್ಗಿಯ ಹುಡುಗಿಯನ್ನು ನೋಡಿಕೊಂಡು ಹೋದ. ಮದುವೆಯಾಗಿ ಬರುವಾಗ ಅವಳು ಸೀರೆಯ ಟ್ರಂಕಿನ ಜೊತೆ ಬಿಲ್ಲಿನ ಪೆಟ್ಟಿಗೆಯನ್ನೂ ತಂದಳು. ಸ್ವಲ್ಪ ದಿನಕ್ಕೆ ಅದೇ ಮೊಳೆಗೆ ಅವಳ ಪದಕಗಳೂ ಬಂದವು, ನನ್ನವನ್ನು ಮರೆಮಾಡಿಕೊಂಡು.

ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವಳು. ಒಬ್ಬರಿಗೊಬ್ಬರು ‘ನೀ’ ಎಂದೇ ಮಾತಾಡುತ್ತಿದ್ದೆವು. ಬಂದ ವಾರದಲ್ಲೇ ನನ್ನ ಬಿಲ್ಲೆತ್ತಿ, ಹೆದೆಯನ್ನು ಬೆರಳಿನಿಂದ ಮೀಟಿ ಕಿವಿಗೊಟ್ಟಳು.

“ಇದನ್ನ ಅಳದು ಎಷ್ಟು ದಿನಾ ಆತು?”

“ಕೋಚ್ ಸರ್ ಅಳದು ಕೊಟ್ಟಾರ. ಚಲೋ ಐತಿ.”

“ಅವರು ಕೊಟ್ಟಾಗ ಚಲೋ ಇತ್ತವ್ವ. ಸೋಲಾಪುರದ ಬಿಸಿಲಾಗ ಮನಷ್ಯಾನೇ ಸಡ್ಲಾಗತಾನ, ಹೆದಿ ಸಡ್ಲಾಗಂಗಿಲ್ಲೇನು?”

ಹೆದೆಯ ಒಂದು ತುದಿ ಕಳಚಿ, ನಾಲ್ಕಾರು ಸುತ್ತು ಹುರಿ ಏರಿಸಿ ಮತ್ತೆ ತೊಡಿಸಿದಳು. ಹುರಿ ಏರಿದರೆ ಹೆದೆ ಗಿಡ್ಡವಾಗಿ ಹಿಡಿಕೆಯಿಂದ ದೂರ ಸರಿಯುತ್ತದೆ. ಹುರಿ ಇಳಿದರೆ ಹತ್ತಿರ ಬರುತ್ತದೆ. ಆ ಅಂತರ ದಿನಕ್ಕೊಂದು ತರಹ ಇದ್ದರೆ ಬಾಣವೂ ದಿನಕ್ಕೊಂದು ಕಡೆ ಹೋಗುತ್ತದೆ. ಇದು ನನಗೂ ಗೊತ್ತಿದ್ದದ್ದೇ. ಆದರೆ ಗೊತ್ತಿದ್ದದ್ದನ್ನು ದಿನಾಲೂ ಮಾಡುವವಳು ಅವಳು. ಚಹಾ ಇಳಿಸಿ, ರೊಟ್ಟಿಗೆ ಕೂರುವ ಮೊದಲು ಪಟ್ಟಿ ಹಿಡಿದು ಅಳೆಯುವಳು. ಮೇಣ ಸವರಿ, ಹೆದೆ ಬಿಸಿಯಾಗುವ ತನಕ ಬೆರಳಲ್ಲಿ ತಿಕ್ಕುವಳು. ಬಿಚ್ಚಿಟ್ಟಾಗ ಹುರಿ ಜಾರಬಾರದೆಂದು ಎರಡೂ ಕುಣಿಕೆ ಸೇರಿಸಿ ತಲೆಯ ಕ್ಲಿಪ್ಪು ಸಿಗಿಸುವಳು. ಗುರಿ ತಪ್ಪಿ ನಾನು ಮುಖ ಊದಿಸಿಕೊಂಡು ಬಂದರೆ ಒಂದೇ ಮಾತು: “ಮೊದಲ ಹೆದಿ ನೋಡು, ಆಮ್ಯಾಲ ಕೈಗೆ ಬೈ.”

ಮಾತು ಸರಿಯಾಗಿತ್ತು. ಅದಕ್ಕೇ ನನಗೆ ಉರಿಯುತ್ತಿತ್ತು.

ಒಂದು ದಿನ ಕಾಲೇಜಿನಿಂದ ಬೇಗ ಬಂದೆ. ಹಿತ್ತಲಿನಲ್ಲಿ ವೈನಿ ನನ್ನ ಬಿಲ್ಲಿನಿಂದ ಬಾಣ ಬಿಡುತ್ತಿದ್ದಳು. ನನ್ನ ಬಿಲ್ಲು ನನ್ನ ಕೈಗಿಂತ ಅವಳ ಕೈಯಲ್ಲಿ ಚೆಂದ ಕಾಣುತ್ತಿತ್ತು.

“ನಿನ್ನ ಬಿಲ್ಲಿಗೆ ಏನಾಗೇತಿ?”

“ಸುಮ್ನ ನೋಡಾಕತ್ತಿದ್ದೆ.”

“ಅಣ್ಣನ್ನ ತಗೊಂಡಿ, ಅವ್ವನ್ನ ತಗೊಂಡಿ. ಇದೊಂದರ ನನಗ ಬಿಡು.”

ಅವಳು ಬಿಲ್ಲು ಒರೆಸಿ ನನ್ನ ಕೈಗಿಟ್ಟಳು. ಒಳಗಿನಿಂದ ಕೇಳಿಸಿಕೊಂಡ ಅವ್ವ ಬೈದದ್ದು ನನಗೇ.

ಆ ಬೇಸಿಗೆಯಲ್ಲಿ ರಾಜ್ಯ ತಂಡದ ಆಯ್ಕೆ. ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಉಳಿದಿದ್ದ ಒಂದು ಜಾಗಕ್ಕೆ ನಾವಿಬ್ಬರೇ. ಆಗ ನನ್ನ ಹೆದೆಯ ನಡುವೆ, ಬಾಣ ಕೂರುವಲ್ಲೇ, ಸುತ್ತಿದ್ದ ದಾರ ಬಿಚ್ಚಿಕೊಂಡಿತು. ಚೀಲದಲ್ಲಿದ್ದದ್ದು ಹೊಸ ಹೆದೆ; ಹೊಸದು ಮೊದಮೊದಲು ಹಿಗ್ಗುತ್ತಲೇ ಇರುತ್ತದೆ, ನಂಬುವಂತಿಲ್ಲ. “ಲವ್ಕರ್ ಕರಾ!” ಎಂದು ತೀರ್ಪುಗಾರರು ಅವಸರ ಮಾಡಿದರು. ಬಿಚ್ಚಿದ ದಾರವನ್ನೇ ಮತ್ತೆ ಸುತ್ತತೊಡಗಿದೆ.

ವೈನಿ ತನ್ನ ಜಾಗ ಬಿಟ್ಟು ಬಂದು, ಕ್ಲಿಪ್ಪು ಹಾಕಿದ ಒಂದು ಹೆದೆಯನ್ನು ಕೈಗೆ ತುರುಕಿದಳು.

“ಇದನ್ನ ಹಾಕ್ಕೊ. ನಿನ್ನ ಬಿಲ್ಲಿನ ಮ್ಯಾಲೇ ಪಳಗಿಸೀನಿ.”

“ಯಾವಾಗ?”

“ಹಿತ್ತಲದಾಗ ಬೈದಿಯಲ್ಲ, ಅವಾಗ.”

ಅಂದು ನಾನು ಹಿಂದೆಂದೂ ಬಿಡದಷ್ಟು ಚೆನ್ನಾಗಿ ಬಾಣ ಬಿಟ್ಟೆ. ಆದರೂ ಆಯ್ಕೆಯಾದವಳು ಅವಳೇ, ಒಂದೇ ಬಾಣದ ಅಂತರದಲ್ಲಿ. ಸೋತ ಸಿಟ್ಟಿಗೆ ಹೆದೆಯನ್ನಾದರೂ ದೂರೋಣವೆಂದರೆ ಆ ದಾರಿಯನ್ನೂ ಮುಚ್ಚಿಬಿಟ್ಟಿದ್ದಳು. ಕೆಟ್ಟವಳಾಗಿದ್ದರೆ ನನಗೆಷ್ಟು ಆರಾಮ ಇರುತ್ತಿತ್ತು!

ಮುಂದೆ ನಾನು ಅಕ್ಕಲಕೋಟೆಯ ಶಾಲೆಯೊಂದರಲ್ಲಿ ಬಿಲ್ಲು ಕಲಿಸುವ ಕೆಲಸಕ್ಕೆ ಸೇರಿದೆ. ವೈನಿಗೆ ಕಿಡ್ನಿಯ ಬೇನೆ ಹತ್ತಿತು. ಬಿಲ್ಲು ಎಳೆಯುವ ಶಕ್ತಿ ಹೋಯಿತು, ಕಿವಿ ಮಾತ್ರ ಹೋಗಲಿಲ್ಲ. ರವಿವಾರ ಬಸ್ಸಿನಲ್ಲಿ ಬಿಲ್ಲು ಹೊತ್ತು ಬರುತ್ತಿದ್ದೆ. ಮಂಚದ ಮೇಲೆ ಕಣ್ಣು ಮುಚ್ಚಿಕೊಂಡೇ, “ಮೀಟು,” ಎನ್ನುತ್ತಿದ್ದಳು. ಮೀಟುತ್ತಿದ್ದೆ. “ಇನ್ನೊಂದು ಸುತ್ತು ಹಾಕು.” ಹಾಕಿ ಪಟ್ಟಿ ಹಿಡಿದರೆ ಅಳತೆ ಸರಿಯಾಗಿಯೇ ಬರುತ್ತಿತ್ತು. ಒಮ್ಮೆಯಾದರೂ ತಪ್ಪಲಿ ಎಂದು ನಾನು ಪ್ರತಿ ಸಲವೂ ಅಳೆದೆ.

ಹೋದ ಚಳಿಗಾಲದಲ್ಲಿ ವೈನಿ ತೀರಿಕೊಂಡಳು. ಪಕ್ಕದ ಮನೆಯಾಕೆ ಬಂದು ಅವ್ವನನ್ನು ತಬ್ಬಿಕೊಂಡು, “ಎಂಥಾ ಸೊಸಿ ಹೋದಳ್ರೀ!” ಎಂದಳು.

“ಸೊಸಿ ಅನಬ್ಯಾಡ್ರಿ,” ಅಂದಳು ಅವ್ವ. “ಇದ್ದೊಬ್ಬ ಮಗಳು ಹೋದಳು.”

ನಾನು ಅವ್ವನ ತೋಳು ಹಿಡಿದು ಪಕ್ಕದಲ್ಲೇ ಕೂತಿದ್ದೆ. ಸತ್ತವಳ ಮೇಲೂ ಹೊಟ್ಟೆಕಿಚ್ಚು ಭಗ್ಗನೆ ಎದ್ದಿತು. ತಿರುಗಿ ಏನೋ ಅನ್ನಬೇಕೆಂದು ಬಾಯಿ ತೆರೆದೆ. ಬಂದದ್ದು ಅಳು, ಅವ್ವನದಕ್ಕಿಂತ ಜೋರಾಗಿ.