ಎದುರು ಮನೆಯಲ್ಲಿ ತಿರುಗುವ ನಮ್ಮ ಗ್ರೈಂಡರ್

ಅದು 2000ನೇ ಇಸವಿ. ಅಳಿಯ ತೀರಿಕೊಂಡ ಮೇಲೆ ನಾನು ಮೈಸೂರು ಬಿಟ್ಟು ಬಂದು ಮದ್ರಾಸಿನ ವೆಸ್ಟ್ ಮಾಂಬಲಂನಲ್ಲಿ ಮಗಳು ಶಾರದೆಯ ಜೊತೆ ಇದ್ದೆ. ಅವಳು ಇಡ್ಲಿ ಹಿಟ್ಟು ರುಬ್ಬಿ ಮಾರಿ ಮನೆ ನಡೆಸುತ್ತಿದ್ದಳು. ಅಕ್ಕಿ, ಉದ್ದು, ಉಪ್ಪು, ಅಷ್ಟೇ. ಕೆಲಸಕ್ಕೆ ಹೋಗುವ ಹೆಂಗಸರು ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಪಾತ್ರೆ ಇಟ್ಟು ಹೋಗುತ್ತಿದ್ದರು. ಸಂಜೆ ಟ್ರೈನ್ ಇಳಿದು ಬಂದು, ಹಿಟ್ಟು ಹಾಕಿಟ್ಟ ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದರು. ಯಾರದು ಯಾವುದೆಂದು ಪಾತ್ರೆಯ ನೆಗ್ಗು ನೋಡಿಯೇ ನಾನು ಹೇಳುತ್ತಿದ್ದೆ.

ಆಗ ಎಲ್ಲರ ಬಾಯಲ್ಲೂ ಇಂಟರ್‌ನೆಟ್ಟು, ಕಂಪನಿ. ಶಾರದೆಯ ಮೈದುನ ಪ್ರಕಾಶನಿಗೂ ಅದು ತಲೆಗೇರಿತು.

"ಅತ್ತಿಗೆ, ಬಿಳಿ ಹಿಟ್ಟು ಯಾರು ಬೇಕಾದ್ರೂ ರುಬ್ತಾರೆ. ನಾವು ಬೀಟ್‌ರೂಟ್ ಇಡ್ಲಿ, ಪಾಲಕ್ ಇಡ್ಲಿ ಹಿಟ್ಟು ಮಾಡೋಣ. ಕಂಪ್ಯೂಟರಲ್ಲೇ ಆರ್ಡರ್!"

"ಜ್ವರ ಬಂದ ಮಗೂಗೆ ಯಾರಪ್ಪ ಕೆಂಪು ಇಡ್ಲಿ ಕೊಡ್ತಾರೆ?" ಎಂದೆ.

"ಅತ್ತೆ, ಕಂಪನಿ ನಾವು ನಡೆಸ್ತೀವಿ. ನೀವು ಇಡ್ಲಿ ತಿಂದ್ಕೊಂಡಿರಿ."

ಶಾರದೆ ನಕ್ಕಳು. ಗಂಡ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಮರುದಿನ ನಾನೇ ಬೀಟ್‌ರೂಟ್ ಹೆಚ್ಚಲು ಕುಳಿತೆ.

ಬಿಳಿ ಹಿಟ್ಟು ನಿಂತಿತು. ಕಂಪನಿ ಬಾಗಿಲಲ್ಲಿ ಸೊಟ್ಟ ಪಾತ್ರೆ ಚೆನ್ನಾಗಿರೋಲ್ಲ ಎಂದು ಪ್ರಕಾಶ ಅವನ್ನೆಲ್ಲ ಅವರವರ ಮನೆಗೆ ಕೊಟ್ಟು ಬಂದ. ಚಿತ್ರ ಹಾಕಿದ ಡಬ್ಬಿಗಳು ಬಂದವು. ಬೀದಿಯವರೆಲ್ಲ ಒಂದು ಸಲ ಕೊಂಡರು, ಬಣ್ಣ ನೋಡಿ ಖುಷಿಪಟ್ಟರು. ಎರಡನೇ ಸಲ ಯಾರೂ ಬರಲಿಲ್ಲ. ಕಂಪ್ಯೂಟರಿನಲ್ಲಿ ಬಂದ ಆರ್ಡರುಗಳು ಪ್ರಕಾಶನ ಸ್ನೇಹಿತರವು. ಇಡ್ಲಿ ಹಿಟ್ಟು ಕಾಯುತ್ತದೆಯೇ? ಹುಳಿ ಹಿಡಿದು ಉಕ್ಕಿ ಮುಚ್ಚಳ ತಳ್ಳಿತು.

ಒಂದು ಸಂಜೆ ಉಳಿದದ್ದನ್ನೆಲ್ಲ ಶಾರದೆ ಮೋರಿಗೆ ಸುರಿಯುತ್ತಿದ್ದಳು. ಗಲ್ಲಿಯ ಉದ್ದಕ್ಕೂ ಕೆಂಪು, ಹಸಿರು ನೀರು. ಅದನ್ನು ದಾಟಿಕೊಂಡು, ಮೊದಲು ನಮ್ಮಲ್ಲೇ ಹಿಟ್ಟು ಒಯ್ಯುತ್ತಿದ್ದ ಜಾನಕಿ ಮಾಮಿ ತನ್ನ ಹಳೆಯ ಪಾತ್ರೆ ಹಿಡಿದು ಬಂದಳು.

"ಶಾರದಾ, ವೆಳ್ಳೆ ಮಾವು ಇಲ್ಲಿಯಾ?" ಬಿಳಿ ಹಿಟ್ಟು ಇಲ್ಲವಾ ಎಂದು ಕೇಳಿದಳು.

"ಇಲ್ಲ ಮಾಮಿ."

ನಿನ್ನ ಕೆಂಪು ಇಡ್ಲಿ ತಿನ್ನುವಾಗ ನಮ್ಮ ಮನೆಯವರು ಬಾಯಲ್ಲಿ ರಕ್ತ ಬಂತೆಂದು ಹೆದರಿದರು ಎಂದು ತಮಿಳಿನಲ್ಲಿ ಹೇಳಿ ನಕ್ಕಳು. ಆಮೇಲೆ ಹೋಗಿ ಎದುರು ಮನೆಯ ಸೆಲ್ವಿಯ ಬಾಗಿಲಲ್ಲಿ ಪಾತ್ರೆ ಇಟ್ಟಳು. ಅಲ್ಲಿ ಆಗಲೇ ಸಾಲು ಪಾತ್ರೆಗಳಿದ್ದವು. ಎಲ್ಲವೂ ನನಗೆ ಗೊತ್ತಿದ್ದ ಪಾತ್ರೆಗಳೇ.

"ನಾಳೆಯಿಂದ ಬಿಳೀದೇ ರುಬ್ಬೋಣ ಕಣೇ" ಎಂದೆ. ರುಬ್ಬಿದೆವು. ಬಾಗಿಲಿಗೆ ಒಂದು ಪಾತ್ರೆಯೂ ಬರಲಿಲ್ಲ. ಸೆಲ್ವಿಯ ಹಿಟ್ಟು ನಮ್ಮದಕ್ಕಿಂತ ಚೆನ್ನಾಗಿತ್ತೆಂದಲ್ಲ. ಟ್ರೈನಿಗೆ ಓಡುವವರ ಕಾಲಿಗೆ ಆ ಬಾಗಿಲು ಅಭ್ಯಾಸವಾಗಿಹೋಗಿತ್ತು.

ಪ್ರಕಾಶ ಬೇರೆ ಕಂಪನಿ ಹುಡುಕಿಕೊಂಡ. ನಾವು ಗ್ರೈಂಡರ್ ಮಾರಿದೆವು. ಕೊಂಡವಳು ಸೆಲ್ವಿಯೇ, ಅವಳಿಗೆ ಒಂದು ಸಾಲುತ್ತಿರಲಿಲ್ಲ. ಶಾರದೆ ಪ್ಯಾರೀಸ್ ಕಾರ್ನರ್‌ನ ಅಂಗಡಿಯೊಂದರಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿದಳು.

ನಾನು ನಾಲ್ಕನೇ ಕ್ಲಾಸು ಓದಿದವಳು, ವ್ಯಾಪಾರದ ಬುದ್ಧಿ ಯಾರಿಗೂ ಹೇಳಲಾರೆ. ಜನಕ್ಕೆ ದಿನಾ ಬೇಕಾದದ್ದು ನಮ್ಮ ಕೈಯಲ್ಲಿತ್ತು. ಒಂದು ದಿನ ನೋಡಿ ಮೆಚ್ಚುವಂಥದ್ದನ್ನು ಮಾಡಲು ಹೋಗಿ ಅದನ್ನು ಬಿಟ್ಟೆವು. ಮತ್ತೆ ಅದು ಕೈಗೆ ಬರಲಿಲ್ಲ, ಬರುವುದೂ ಇಲ್ಲ.

ಈಗ ಶಾರದೆ ಟ್ರೈನಿಗೆ ಹೋಗುವ ಮೊದಲು ನಮ್ಮ ಪಾತ್ರೆಯನ್ನೂ ಸೆಲ್ವಿಯ ಬಾಗಿಲಲ್ಲಿ ಇಟ್ಟು ಹೋಗುತ್ತಾಳೆ. ನಮ್ಮ ಗ್ರೈಂಡರಿನ ಕಲ್ಲು ತಿರುಗುವಾಗ ಒಂದು ಕಡೆ ಟಕ್ ಎನ್ನುತ್ತದೆ, ಮೊದಲಿನಿಂದಲೂ ಹಾಗೆಯೇ. ರಜೆಯ ದಿನ ಆ ಸದ್ದು ಶುರುವಾದರೆ ಶಾರದೆ ಎದ್ದು ಕಿಟಕಿ ಮುಚ್ಚುತ್ತಾಳೆ. ಮುಚ್ಚಿದರೂ ಕೇಳಿಸುತ್ತದೆ.