ಅಡುಗೆಯವನು ಕೊಂದಿರಲಿಲ್ಲ

ಎರಡು ವಾರದ ಹಿಂದೆ ನಾನೊಂದು ಕೊಲೆಯನ್ನು ನಿರಪರಾಧಿ ಅಡುಗೆಯವನ ತಲೆಗೆ ಕಟ್ಟಿದೆ. (ಗಾಬರಿ ಬೇಡ. ಅವನು ಪುರಾತನ ರೋಮ್‌ನವನು, ಅದೂ ಕಾದಂಬರಿಯೊಳಗಿನವನು.) ಈಗ ಅದನ್ನು ನೆನೆದರೆ ನನಗೆ ಊಟ ಸೇರುತ್ತಿಲ್ಲ.

ನನಗೂ ನಾಗವೇಣಿಗೂ ಪತ್ತೇದಾರಿ ಕಾದಂಬರಿಯ ಹುಚ್ಚು. ಅವಳು ಅಂಕೋಲೆಯ ಶೆಟಗೇರಿಯವಳು. ಕಾರವಾರದ ನಮ್ಮ ಆಫೀಸಿಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ನಾವಿಬ್ಬರೂ ಮರುಳಾದದ್ದು ಒಂದು ರೋಮನ್ ಸರಣಿಗೆ. ಅದರ ಪತ್ತೇದಾರ ಊರ ಸ್ನಾನಗೃಹದಲ್ಲಿ ಗಿರಾಕಿಗಳ ಬಟ್ಟೆ ಕಾಯುವವ. ಮೈಮೇಲೆ ಬಟ್ಟೆಯಿಲ್ಲದ ಸೆನೆಟರ್‌ಗಳು ಆಡುವ ಗುಟ್ಟನ್ನೆಲ್ಲ ಕೇಳಿಸಿಕೊಂಡು ಕೊಲೆಗಾರನನ್ನು ಹಿಡಿಯುತ್ತಾನೆ. ಮನೆಗೆ ಹೋದರೆ ಅತ್ತೆಯ ಕೈಲಿ ಬೈಸಿಕೊಳ್ಳುತ್ತಾನೆ. ಅದನ್ನು ಓದಿ ನಾಗವೇಣಿ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದರೆ, ಅಮದಳ್ಳಿಯಲ್ಲಿ ಹತ್ತುವ ಮೀನು ಮಾರುವ ಹೆಂಗಸರು ಇವಳಿಗೆ ಏನೋ ಆಗಿದೆ ಎಂದು ದೂರ ಕೂರುತ್ತಿದ್ದರಂತೆ.

ಯಾವಾಗಲೂ ಇಬ್ಬರಿಗೂ ಸೇರಿ ಒಂದೇ ಪ್ರತಿ. ತಾಳ್ಮೆ ಮಾತ್ರ ಇಬ್ಬರಿಗೂ ಇಲ್ಲ. ಹಾಗಾಗಿ ಪುಸ್ತಕವನ್ನು ಬ್ಲೇಡಿನಿಂದ ನಡುವೆ ಸೀಳುತ್ತಿದ್ದೆವು. (ಪುಸ್ತಕಪ್ರೇಮಿಗಳು ಕ್ಷಮಿಸಿ.) ಬೇಗ ಓದುವ ನಾನು ಮೊದಲರ್ಧ ಮುಗಿಸಿ ಅವಳಿಗೆ ದಾಟಿಸುವುದು, ಅವಳು ಅದನ್ನು ಓದುವಷ್ಟರಲ್ಲಿ ಉಳಿದರ್ಧ ಮುಗಿಸಿಬಿಡುವುದು. ಯಾರು ಕೊಂದದ್ದು ಎಂದು ಅವಳು ಪೀಡಿಸುವಳು. ನಾನು ದಿನಕ್ಕೊಂದು ಸುಳ್ಳು ಹೆಸರು ಹೇಳುವೆ. ಅವಳ ಊಹೆಯಂತೂ ಒಮ್ಮೆಯೂ ಸರಿಯಾದದ್ದಿಲ್ಲ. ಅದಕ್ಕೆ ಎಷ್ಟು ಗೇಲಿ ಮಾಡಿದ್ದೇನೋ!

ಈ ಸಲ ನಾನು ಕೊಟ್ಟ ಮೊದಲರ್ಧವನ್ನು ಓದಿ ಮುಗಿಸುವ ಹೊತ್ತಿಗೆ ಅವಳು ಆಸ್ಪತ್ರೆ ಸೇರಿದ್ದಳು. ಕರುಳಿನ ಕಾಯಿಲೆ. ಆಪರೇಷನ್ ಆಗಿತ್ತು, ಚೇತರಿಸಿಕೊಳ್ಳುತ್ತಾಳೆ ಎಂದಿದ್ದರು. ಭಾನುವಾರ ನಾನು ಉಳಿದರ್ಧ ಹಿಡಿದುಕೊಂಡು ಹೋದೆ. ಅವಳು ಅದನ್ನು ಮುಟ್ಟಲಿಲ್ಲ.

“ಇನ್ನು ಓದೂಕೆ ಆಗುದಿಲ್ಲ ಮಾರಾಯ್ತಿ,” ಎಂದಳು. “ಯಾರು ಕೊಂದದ್ದು, ಹೇಳಿಬಿಡು.”

ದನಿ ಎಂದಿನಂತಿರಲಿಲ್ಲ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬಾಯಿಗೆ ರೂಢಿಯಾಗಿತ್ತಲ್ಲ, ಅಡುಗೆಯವನು ಅಂದುಬಿಟ್ಟೆ.

ಅವಳ ಮುಖ ಸಪ್ಪಗಾಯಿತು. “ಹೌದಾ? ನಾ ಸೆನೆಟರನ ಹೆಂಡ್ತಿ ಅಂದ್ಕಂಡಿದ್ದೆ. ಈ ಸಲನಾದ್ರೂ ಸರಿ ಆಗ್ತದೆ ಅಂತಿದ್ದೆ.”

ಕೊಂದದ್ದು ಸೆನೆಟರನ ಹೆಂಡತಿಯೇ.

ಆಗಲೇ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಮನೆಗೆ ಬರಲಿ, ಪುಸ್ತಕ ಕೈಗಿಟ್ಟು, ಅವಳೇ ಓದಿ ಕುಣಿಯುವುದನ್ನು ನೋಡೋಣ ಅಂದುಕೊಂಡೆ. ನಾವೆಲ್ಲ ಹೀಗೇ ಅಲ್ಲವೇ? ಹೇಳಬೇಕಾದ ಒಳ್ಳೆಯ ಮಾತಿದ್ದರೆ ಅದಕ್ಕೊಂದು ಒಳ್ಳೆಯ ದಿನ ಕಾಯುತ್ತೇವೆ. ಉಳಿದರ್ಧ ವಾಪಸ್ ನನ್ನ ಬ್ಯಾಗಿಗೆ ಸೇರಿತು.

ಗುರುವಾರ ಅವಳ ತಮ್ಮ ಫೋನ್ ಮಾಡಿದ. ಅಕ್ಕ ಹೋದಳು ಎಂದ.

ಶೆಟಗೇರಿಗೆ ಹೋದೆ. ಅಲ್ಲಿ ಎಲ್ಲರೂ ಅವಳು ಪಟ್ಟ ಸಂಕಟದ ಬಗ್ಗೆ ಮಾತಾಡುತ್ತಿದ್ದರು. ನಾನು ಯಾರಿಗೆ ಏನು ಹೇಳಲಿ? ನನ್ನದು ತೀರಾ ಸಣ್ಣ ವಿಷಯ. ಹೇಳಿದರೆ ಸಾವಿನ ಮನೆಯಲ್ಲಿ ಇವಳಿಗೆ ಕಥೆಪುಸ್ತಕದ ಚಿಂತೆ ಎಂದಾರು. ಸುಮ್ಮನೆ ಒಂದು ಮೂಲೆಯಲ್ಲಿ ಕೂತು, ಅತ್ತು ಬಂದೆ.

“ನೀ ಹೇಳಿದ್ದೇ ಸರಿ ಮಾರಾಯ್ತಿ” ಅನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು?